ಗೌಡರ ಸೊಂಟ ಮತ್ತು ನನ್ನ ಟಿಪ್ಸ್

ನನ್ನ ಅಂಕಣ ಓದಿ ಒಬ್ಬರು ಕುದುರೆ ಹತ್ತುವುದನ್ನೇ ಬಿಟ್ಟರು.

ಇದು ಹೆಮ್ಮೆಪಡುವ ವಿಷಯವೋ ನಾಚಿಕೆಪಡುವ ವಿಷಯವೋ ನನಗಿನ್ನೂ ಗೊತ್ತಾಗಿಲ್ಲ. ಇಷ್ಟು ವರ್ಷ ವಾರವಾರ ಬರೆದಿದ್ದೇನೆ. ತಂಬಾಕು ಬಿಡಿ ಎಂದು ಬರೆದೆ, ಯಾರೂ ಬಿಡಲಿಲ್ಲ. ಮದುವೆಗೆ ಡಿಜೆ ಬೇಡ ಎಂದು ಬರೆದೆ, ಮರುವಾರವೇ ನಮ್ಮ ಓಣಿಗೆ ಡಿಜೆ ಬಂತು. ನಮ್ಮ ಮನೆಯವರು ನನ್ನ ಅಂಕಣವನ್ನು ನೆಲಕ್ಕೆ ಹಾಸಿ ಅದರ ಮೇಲೆ ಶೇಂಗಾ ಸುಲಿಯುತ್ತಾರೆ. ಅಂಥದ್ದರಲ್ಲಿ ನಾನು ಬರೆದ ನಾಲ್ಕು ಸಾಲು ಓದಿ, ಆಯುಷ್ಯವೆಲ್ಲ ಕುದುರೆಯ ಬೆನ್ನ ಮೇಲೆ ಕಳೆದ ಮನುಷ್ಯ ಕೆಳಗಿಳಿದುಬಿಟ್ಟರೆ?

ಮೊದಲಿನಿಂದ ಹೇಳುತ್ತೇನೆ.

ಸಂಪಾದಕರ ಫೋನು ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಮರೋಳದ ಕಡೆ ಒಬ್ಬ ನಿವೃತ್ತ ಸುಬೇದಾರರು ತಮ್ಮ ಹೊಲದಲ್ಲಿ ಕುದುರೆ ರೇಸ್ ಇಟ್ಟಿದ್ದಾರಂತೆ. ಬರೀ ಓಡುವುದಲ್ಲ, ಅಡ್ಡ ಇಟ್ಟ ಬೇಲಿಗಳನ್ನು ಹಾರಿ ಹಾರಿ ಓಡುವ ಜಂಪ್ ರೇಸು. ಯಾವ ಕುದುರೆ ಗೆಲ್ಲಬಹುದು ಎಂದು ಮೊದಲೇ ಒಂದು ಅನಾಲಿಸಿಸ್ ಬರೆದುಕೊಡಿ, ಜೊತೆಗೆ ಟಿಪ್ಸ್ ಕೊಡಿ ಎಂದರು. ನನಗೂ ಕುದುರೆಗೂ ಏನು ಸಂಬಂಧ ಎಂದು ಕೇಳಿದೆ. ಕ್ರೀಡಾ ವರದಿಗಾರ ರಜೆ ಮೇಲಿದ್ದಾನೆ, ನೀವಾದರೆ ಯಾವ ವಿಷಯ ಕೊಟ್ಟರೂ ಬರೆಯುತ್ತೀರಿ ಎಂದರು. (ಇದು ಹೊಗಳಿಕೆಯೋ, ಬೈಗುಳವೋ?)

ಇನ್ನೊಂದು ಮಾತು ಸೇರಿಸಿದರು. ಬಾಜಿ ಕಟ್ಟುವಂತಿಲ್ಲ ಎಂಬ ಷರತ್ತಿನ ಮೇಲೆ ಪೊಲೀಸರು ಪರವಾನಗಿ ಕೊಟ್ಟಿದ್ದಾರಂತೆ. ಬಾಜಿಯೇ ಇಲ್ಲದ ಮೇಲೆ ಟಿಪ್ಸ್ ಯಾರಿಗೆ? ಅದನ್ನೂ ಕೇಳಿದೆ. ಓದುಗರಿಗೆ ಎಂದು ಫೋನಿಟ್ಟರು.

ಯೂಟ್ಯೂಬ್ ತೆರೆದು ಕೂತೆ. ವಿದೇಶದ ಜಂಪ್ ರೇಸ್‌ಗಳಲ್ಲಿ ಪ್ರತಿ ಕುದುರೆಯ ಹೆಸರಿನ ಪಕ್ಕ ಅದರ ಹಿಂದಿನ ಓಟಗಳ ಜಾತಕವನ್ನು ಅಕ್ಷರಗಳಲ್ಲಿ ಹಾಕಿರುತ್ತಾರೆ. ಅದಕ್ಕೆ ಫಾರ್ಮ್ ಎನ್ನುತ್ತಾರೆ. ಎಫ್ ಇದ್ದರೆ ಕುದುರೆ ಬಿದ್ದಿದೆ ಎಂದರ್ಥ. ಯು ಇದ್ದರೆ ಕುದುರೆ ನಿಂತಿದೆ, ಸವಾರ ಬಿದ್ದಿದ್ದಾನೆ. ಆರ್ ಇದ್ದರೆ ಕುದುರೆ ಹಾರುವುದಿಲ್ಲ ಎಂದು ಹಟ ಹಿಡಿದಿದೆ. ಪಿ ಇದ್ದರೆ, ಇನ್ನು ಸಾಕು ಎಂದು ಸವಾರನೇ ಲಗಾಮು ಎಳೆದು ನಿಲ್ಲಿಸಿದ್ದಾನೆ.

ಪಿ ಎಂದರೆ ಸೋಲೋ, ಜಾಣತನವೋ? ಯೂಟ್ಯೂಬಿನವರು ಹೇಳಲಿಲ್ಲ.

ಮುಂದಿನ ರವಿವಾರ ಬಾಗಲಕೋಟೆಯಿಂದ ನಮ್ಮ ಮನೆಯವರ ಬೈಕಿನ ಹಿಂದೆ ಕೂತು ಕುದುರೆ ನೋಡಲು ಹೊರಟೆ. ಅವರು ವಿಮಾ ಕಚೇರಿಯಲ್ಲಿದ್ದಾರೆ. ಯಾವುದನ್ನು ನೋಡಿದರೂ ಇದು ಯಾವಾಗ ಬೀಳುತ್ತದೆ ಎಂದು ಯೋಚಿಸುವುದೇ ಅವರ ಕೆಲಸ. ಈ ಕೆಲಸಕ್ಕೆ ನನಗಿಂತ ಅವರೇ ಸರಿಯಾಗಿದ್ದರು.

ಮೊದಲು ಬಾದಾಮಿ. ಸ್ಟೇಷನ್ನಿನಿಂದ ಊರಿಗೆ ಟಾಂಗಾ ಹೊಡೆಯುವ ಯಮನಪ್ಪನ ಹೆಣ್ಣುಕುದುರೆ ಚಿನ್ನಿ ರೇಸಿಗೆ ಬರುವುದಿತ್ತು. ಓಡುತ್ತದೆಯೇ ಎಂದು ಕೇಳಿದೆ. ಟಾಂಗಾ ಕಟ್ಟಿದರೆ ಓಡುತ್ತದೆ, ಬಿಚ್ಚಿದರೆ ನಿಲ್ಲುತ್ತದೆ ಎಂದ. "ಹಿಂದ ಗಾಡಿ ಇಲ್ಲಂದ್ರ ಇವತ್ತಿನ ಕೆಲಸಾ ಮುಗೀತು ಅಂತ ತಿಳಕೋತೈತ್ರಿ ಅದು," ಎಂದು ತಾನೇ ನಕ್ಕ.

ಆಮೇಲೆ ಗುಳೇದಗುಡ್ಡ. ಅಲ್ಲಿಯ ಖಣದ, ಅಂದರೆ ಕುಬಸದ ಬಟ್ಟೆಯ, ವ್ಯಾಪಾರಿಯೊಬ್ಬರು ರೀಲ್ಸ್ ಮಾಡುವುದಕ್ಕೆಂದೇ ಒಂದು ಬಿಳಿ ಕುದುರೆ ಕೊಂಡಿದ್ದರು. ಹೆಸರು ಹೀರಾ. ಹಣೆಗೆ ಖಣದ ಪಟ್ಟಿ ಕಟ್ಟಿ, ಕುದುರೆಯನ್ನು ಮದುಮಗಳಂತೆ ಸಿಂಗರಿಸಿ ನಿಲ್ಲಿಸಿದ್ದರು. ಅದು ಬೇಲಿ ಹಾರುವುದನ್ನು ಅವರೂ ಈವರೆಗೆ ನೋಡಿರಲಿಲ್ಲ. ಇಳಕಲ್ಲಿನಲ್ಲಿ ದಸ್ತಗೀರನ ರಾಜಾ ಸಿಕ್ಕಿತು, ಮದುವೆ ಮೆರವಣಿಗೆಯ ಕುದುರೆ. ಒಮ್ಮೆ ಮದುಮಗನ ಸಮೇತ ಚರಂಡಿ ಹಾರಿದೆ ಎಂದು ದಸ್ತಗೀರ ಅಭಿಮಾನದಿಂದ ಹೇಳಿದ. ಮದುಮಗ ಏನಾದ ಎಂದು ನಮ್ಮ ಮನೆಯವರು ಕೇಳಿದರು. ದಸ್ತಗೀರ ಮಾತು ಬದಲಿಸಿದ.

ಕೊನೆಗೆ ಸುಬೇದಾರರ ಮನೆ.

ಮಲ್ಲನಗೌಡರು ಸೈನ್ಯದಲ್ಲಿ ಕುದುರೆ ಪಡೆಯಲ್ಲಿದ್ದವರು. ಅರವತ್ತು ದಾಟಿದ್ದಾರೆ. ರೇಸ್‌ಕೋರ್ಸಿನಲ್ಲಿ ಇನ್ನು ಬೇಡವೆಂದು ಬಿಟ್ಟ ಒಂದು ಕಂದು ಕುದುರೆಯನ್ನು ತಂದು, ಬಹಾದ್ದೂರ ಎಂದು ಹೆಸರಿಟ್ಟು, ಹೊಲದಲ್ಲಿ ಜಿಗಿತ ಕಲಿಸಿದ್ದಾರೆ. ಕಪ್ಪು ಮಣ್ಣಿನ ಎರಿ ಹೊಲ ಬೇಸಿಗೆಗೆ ಬಿರುಕು ಬಿಡುತ್ತದೆ, ಕುದುರೆಯ ಕಾಲು ಸಿಕ್ಕಿಕೊಳ್ಳುತ್ತದೆ ಎಂದು ರೇಸಿಗೆ ತಮ್ಮ ಮಸಾರಿ ಹೊಲವನ್ನು ಬಿಟ್ಟಿದ್ದರು. ಕೆಂಪು ಮಣ್ಣು, ಮೆತ್ತಗೆ ಕಾಯ್ದಿಟ್ಟಿದ್ದರು. ಮೇವಿಗೆ ಒಣಗಿಸಿದ ಜೋಳದ ದಂಟಿನ, ಅಂದರೆ ಕಣಿಕಿಯ, ಕಟ್ಟುಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ಬೇಲಿ ಮಾಡಿದ್ದರು.

ಅವರು ನಡೆಯುವಾಗ ಎಡಕ್ಕೆ ವಾಲುತ್ತಾರೆ. ಆದರೆ ಕುದುರೆ ಹತ್ತಿದ ಕೂಡಲೇ ನೆಟ್ಟಗಾದರು. ನನಗೆ ತೋರಿಸಲೆಂದು ಒಂದು ಬೇಲಿ ಹಾರಿಸಿದರು. ಕುದುರೆ ಏರಿತು, ಅವರು ಅದರ ಕುತ್ತಿಗೆಯ ಮೇಲೆ ಬಾಗಿದರು, ಇಬ್ಬರೂ ಆಚೆ ಇಳಿದರು. ಅಷ್ಟೇ. ನಾನು ಚಪ್ಪಾಳೆ ತಟ್ಟಿದೆ. ನಮ್ಮ ಮನೆಯವರು ಮಾತ್ರ, ಈ ವಯಸ್ಸಿಗೆ ಯಾವ ಕಂಪನಿಯೂ ಪಾಲಿಸಿ ಕೊಡುವುದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದರು.

ಚಹಾ ಕುಡಿಯಲು ಗೌಡರ ಹೆಂಡತಿ ಗಂಗಕ್ಕ ನನ್ನನ್ನು ಒಳಗೆ ಕರೆದರು. ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿ, ಚಹಾದ ನೀರು ಕುದಿಯುವ ಮೊದಲೇ ಎಲ್ಲವನ್ನೂ ಹೇಳಿ ಮುಗಿಸಿದರು. ಹಿಂದಿನ ವರ್ಷ ಗೌಡರು ಇದೇ ಕುದುರೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಬಾಗಲಕೋಟೆಯ ದವಾಖಾನೆಯಲ್ಲಿ ಒಳಗೆ ಸ್ಟೀಲು ಹಾಕಿದ್ದಾರೆ. ಇನ್ನೊಮ್ಮೆ ಬಿದ್ದರೆ ಎದ್ದು ನಡೆಯುವ ಮಾತು ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದಾರೆ. ಹಾಸಿಗೆ ಹಿಡಿದಾಗ ಅವರನ್ನು ಎತ್ತಿ ಕೂರಿಸಿ, ಮೈ ಒರೆಸಿದವರು ಇವರೇ.

"ನನ್ನ ಮಾತು ಕೇಳಂಗಿಲ್ಲ, ಡಾಕ್ಟರ್ ಮಾತೂ ಕೇಳಂಗಿಲ್ಲ," ಎಂದರು ಗಂಗಕ್ಕ. "ಪೇಪರ್‌ದಾಗ ಬಂದ್ರ ಅಷ್ಟ ಖರೆ ಅಂತಾರ. ಕುದುರಿ ಕಾಲು ಸರಿಯಿಲ್ಲ, ಈ ಸಲ ಓಡಿಸಬಾರದು ಅಂತ ಬರೀ ತಂಗಿ. ನಿನಗ ಕೈ ಮುಗೀತೇನಿ."

ಕುದುರೆಯ ಕಾಲು ಚೆನ್ನಾಗಿತ್ತು. ನಾನೇ ನೋಡಿದ್ದೆ.

ನೋಡೋಣ ಎಂದೆ. (ಏನೂ ತೋಚದಿದ್ದಾಗ ನಾವೆಲ್ಲ ಹೇಳುವುದು ಅದನ್ನೇ ಅಲ್ಲವೇ?)

ಹೊರಗೆ ಬಂದರೆ ಗೌಡರು ಬಹಾದ್ದೂರನ ಮೈ ಉಜ್ಜುತ್ತಿದ್ದರು. ನನ್ನ ಮುಖ ನೋಡಿದ್ದೇ ಅವರಿಗೆ ಒಳಗಿನ ಮಾತೆಲ್ಲ ಗೊತ್ತಾಯಿತು. ಗಂಗಾ ಹೇಳಿರಬೇಕಲ್ಲ ಎಂದು ಕೇಳಿದರು. ಹೌದೆಂದೆ. ಸುಳ್ಳು ಹೇಳಲು ಆ ಮನುಷ್ಯನ ಮುಂದೆ ಬಾಯಿ ಬರಲಿಲ್ಲ. ಅವಳು ಹೇಳುವುದರಲ್ಲಿ ಸುಳ್ಳೇನಿಲ್ಲ ಎಂದರು. ಬೇಕಾದರೆ ನನ್ನ ಕುದುರೆ ಸೋಲುತ್ತದೆ ಎಂದು ಬರೆಯಿರಿ, ನನಗೆ ಬೇಸರವಿಲ್ಲ ಎಂದೂ ಹೇಳಿದರು.

"ಗೆಲ್ಲೂದು ನನಗ ಬೇಕಾಗಿಲ್ರಿ ಮೇಡಮ್ಮಾರ. ಕುದುರಿ ಮ್ಯಾಲೆ ಏಳತೈತಲ್ಲ, ಆ ಒಂದ್ ಗಳಿಗಿ ನನ್ನ ಸೊಂಟ ನನಗ ನೆನಪಿರಂಗಿಲ್ಲ. ವಯಸ್ಸೂ ನೆನಪಿರಂಗಿಲ್ಲ. ಅದಕ್ಕ ಹತ್ತತೇನಿ."

ಈಗ ಹೇಳಿ, ನಾನೇನು ಬರೆಯಬೇಕಿತ್ತು?

ಹಾದಿಯುದ್ದಕ್ಕೂ ನಮ್ಮ ಮನೆಯವರನ್ನು ಕೇಳುತ್ತ ಬಂದೆ. ಕುದುರೆಗೆ ಕಾಲು ನೋವು ಎಂದು ಬರೆದರೆ ಗಂಗಕ್ಕ ನಿಶ್ಚಿಂತೆಯಿಂದ ಇರುತ್ತಾರೆ, ಆದರೆ ಅದು ಸುಳ್ಳು. ಬಹಾದ್ದೂರನೇ ಗೆಲ್ಲುತ್ತದೆ ಎಂದು ಬರೆದರೆ ಅದು ಖರೆ, ಆದರೆ ಗೌಡರು ಬಿದ್ದರೆ? ನನ್ನ ಟಿಪ್ಸ್ ಓದಿ ಹುರುಪಿನಿಂದ ಹಾರಿದರು ಎಂದು ಊರವರು ಹೇಳುವುದಿಲ್ಲವೇ? ಇದ್ದದ್ದು ಇದ್ದಂಗ ಬರಿ ಎಂದರು ಅವರು. ಇದ್ದದ್ದು ಏನು ಎಂಬುದೇ ನನಗೆ ತಿಳಿಯದಾಗಿತ್ತು. ಗಂಗಕ್ಕನ ಹೆದರಿಕೆ ಇದ್ದದ್ದೇ. ಗೌಡರ ಆಸೆಯೂ ಇದ್ದದ್ದೇ. ಎರಡನ್ನೂ ಒಂದೇ ಕಾಲಮ್ಮಿನಲ್ಲಿ ಹೇಗೆ ಕೂರಿಸುವುದು?

ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಅಚ್ಚಾದದ್ದು ಇದು:

"ರಾಜಾ, ಇಳಕಲ್ಲು: ಚರಂಡಿ ಹಾರಿದ ಅನುಭವವಿದೆ. ಬ್ಯಾಂಡು ಬಾರಿಸದಿದ್ದರೆ ಗೆಲ್ಲಬಹುದು. ಚಿನ್ನಿ, ಬಾದಾಮಿ: ದುಡಿದ ಕುದುರೆ, ದಣಿವು ಗೊತ್ತಿಲ್ಲ. ಆದರೆ ಕೆಲಸ ಮುಗಿಯಿತು ಎಂದು ತಿಳಿದರೆ ಕಷ್ಟ. ಹೀರಾ, ಗುಳೇದಗುಡ್ಡ: ನೋಡಲು ಚೆಂದ, ಕೊನೆಯ ಸ್ಥಾನ ಗ್ಯಾರಂಟಿ. ಬಹಾದ್ದೂರ, ಮರೋಳ: ನಾಲ್ಕರಲ್ಲಿ ಇದೇ ಮೇಲು. ಸವಾರರ ಸೊಂಟದಲ್ಲಿ ಮಾತ್ರ ಸ್ಟೀಲು ಇದೆ. ನನ್ನ ಮತ ಕುದುರೆಗೆ, ಸವಾರರಿಗಲ್ಲ."

ಜಾಣತನದಿಂದ ಬರೆದೆ ಎಂದುಕೊಂಡಿದ್ದೆ. ಸುಳ್ಳಿಲ್ಲ, ಎಚ್ಚರಿಕೆ ಇದೆ, ಸ್ವಲ್ಪ ನಗುವೂ ಇದೆ.

ರೇಸಿನ ದಿನ ಬೆಳಿಗ್ಗೆ ಹೋದರೆ ಹೊಲದ ತುಂಬ ಜನ. ಟ್ರ್ಯಾಕ್ಟರಿನ ಮೇಲೆ, ಬೇವಿನ ಮರದ ಮೇಲೆ, ಮಿರ್ಚಿ ಗಾಡಿಯ ಸುತ್ತ, ಎಲ್ಲೆಲ್ಲೂ. ಗೌಡರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಿಳಿ ಧೋತರ ಉಟ್ಟು ಮೈಕಿನ ಹತ್ತಿರ ನಿಂತಿದ್ದರು. ಸವಾರಿಯ ಬೂಟಿಲ್ಲ. ಬಹಾದ್ದೂರ ಮರದ ಕೆಳಗೆ ಕಟ್ಟಿದಲ್ಲೇ ಕಾಲು ಕೆರೆಯುತ್ತಿತ್ತು. ಗೌಡರು ನನ್ನನ್ನು ನೋಡಿ, ಬರ್ರಿ ಎಂದರು. ಅಷ್ಟೇ. ಆಮೇಲೆ ಮೈಕಿನಲ್ಲಿ, ಇವತ್ತು ಬಹಾದ್ದೂರ ಓಡುವುದಿಲ್ಲ, ನಾನು ತೀರ್ಪು ಹೇಳುವ ಪಂಚನಾಗಿ ನಿಲ್ಲುತ್ತೇನೆ ಎಂದು ಸಾರಿದರು. ಜನರ ನಡುವೆ ಯಾರೋ, ಸ್ಟೀಲು ತುಕ್ಕು ಹಿಡೀತೇನೋ ಎಂದರು. ನಗು ಎದ್ದಿತು. ಗೌಡರೂ ನಕ್ಕರು.

ಆ ನಗು ನನಗೆ ಹಿಡಿಸಲಿಲ್ಲ. ಆ ಗೇಲಿಗೆ ಮಾತು ಒದಗಿಸಿದವಳು ನಾನೇ ತಾನೆ?

ಗಂಗಕ್ಕ ಮಾತ್ರ ಹೆಂಗಸರ ಸಾಲಿನಿಂದ ಎದ್ದುಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣು ತುಂಬಿದ್ದವು.

ಇನ್ನು ರೇಸು. ಅದನ್ನು ರೇಸು ಎನ್ನಬಹುದೇ, ನೀವೇ ಹೇಳಿ. ಮೂರು ಕುದುರೆಗಳು ಹೊರಟವು. ಮೊದಲ ಬೇಲಿಯ ಹತ್ತಿರ ಚಿನ್ನಿ ನಿಂತಿತು. ಯಮನಪ್ಪ ನಾಲಿಗೆ ಚಪ್ಪರಿಸಿದ, ಮೆಲ್ಲಗೆ ಬೈದ, ಕುತ್ತಿಗೆ ಸವರಿದ. ಚಿನ್ನಿ ಕತ್ತು ಚಾಚಿ ಬೇಲಿಯನ್ನು ತಿನ್ನತೊಡಗಿತು. ಕಣಿಕಿ ಅಲ್ಲವೇ? ಅದರ ದೃಷ್ಟಿಯಲ್ಲಿ ಯಾರೋ ಊಟ ಬಡಿಸಿಟ್ಟಿದ್ದರು. ಫಾರ್ಮ್‌ನಲ್ಲಿ ಇದಕ್ಕೆ ಯಾವ ಅಕ್ಷರ ಹಾಕುತ್ತಾರೆ? ಯೂಟ್ಯೂಬಿನಲ್ಲಿ ಇರಲಿಲ್ಲ.

ರಾಜಾ ಎರಡು ಬೇಲಿ ಚೆಂದಾಗಿ ಹಾರಿತು. ಅಷ್ಟರಲ್ಲಿ ಇಳಕಲ್ಲಿನ ಅಭಿಮಾನಿಗಳು ಖುಷಿ ತಡೆಯಲಾರದೆ ಹಲಗೆ ಬಾರಿಸಿಬಿಟ್ಟರು. ರಾಜಾ ಅಲ್ಲಿಯೇ ನಿಂತು ಮುಂಗಾಲು ಎತ್ತೆತ್ತಿ ಕುಣಿಯತೊಡಗಿತು. ದಸ್ತಗೀರ ನಿಲ್ಲಿಸಿ ಎಂದು ಕೈ ಬೀಸಿದರೆ ಅವರು ಇನ್ನೂ ಜೋರಾಗಿ ಬಾರಿಸಿದರು.

ಉಳಿದದ್ದು ಹೀರಾ. ಅದು ಒಂದೂ ಬೇಲಿ ಹಾರಲಿಲ್ಲ. ಪ್ರತಿ ಬೇಲಿಯನ್ನೂ ಬಳಸಿಕೊಂಡು, ಹಣೆಯ ಖಣ ಹೊಳೆಯಿಸುತ್ತ, ಮೆಲ್ಲಗೆ ಹೋಗಿ ಗುರಿ ಮುಟ್ಟಿತು. ಗುಳೇದಗುಡ್ಡದವರು ಪೇಟಾ ಹಾರಿಸಿದರು. ಹಾರದ ಕುದುರೆ ಗೆದ್ದದ್ದು ಹೇಗೆ ಎಂದು ಬಾದಾಮಿಯವರು, ಕುಣಿದ ಕುದುರೆ ಸೋತದ್ದು ಹೇಗೆ ಎಂದು ಇಳಕಲ್ಲಿನವರು ಜಗಳಕ್ಕೆ ನಿಂತರು. ಗೌಡರು ಮೈಕು ಹಿಡಿದು, ಇದು ಹಾರುವ ರೇಸು, ಎಲ್ಲ ಬೇಲಿ ಹಾರಿದವರು ಯಾರೂ ಇಲ್ಲ, ಆದ್ದರಿಂದ ಯಾರೂ ಗೆದ್ದಿಲ್ಲ ಎಂದು ತೀರ್ಪು ಕೊಟ್ಟರು. ಹೀರಾ ಕೊನೆಗೆ ಬರುತ್ತದೆ ಎಂದು ನಾನು ಬರೆದಿದ್ದೆ. ನನ್ನ ಟಿಪ್ಸ್ ನಿಜವಾಯಿತೋ ಸುಳ್ಳಾಯಿತೋ ಎಂದು ಸಂಪಾದಕರು ಕೇಳಿದಾಗ, ಒಲೆಯ ಮೇಲೆ ರೊಟ್ಟಿ ಸುಡುತ್ತಿದೆ ಎಂದು ಫೋನಿಟ್ಟೆ.

ಅಷ್ಟು ಹೊತ್ತೂ ಬಹಾದ್ದೂರ ಮರದ ಕೆಳಗೆ ಕೆನೆಯುತ್ತಲೇ ಇತ್ತು. ಗೌಡರು ಒಮ್ಮೆಯೂ ಆ ಕಡೆ ತಿರುಗಿ ನೋಡಲಿಲ್ಲ.

ನಾನು ಇದನ್ನು ಮರೆಯತೊಡಗಿದ್ದೆ. ಬೇಸಿಗೆ ಏರಿತು, ನಾನು ಬೇರೆ ಬೇರೆ ವಿಷಯ ಬರೆದೆ. ಒಂದು ದಿನ ಮಧ್ಯಾಹ್ನ ಗಂಗಕ್ಕನ ಫೋನು. ದನಿ ಇಳಿದಿತ್ತು. ಗೌಡರು ಅವತ್ತಿನಿಂದ ಕುದುರೆಯ ಹತ್ತಿರ ಹೋಗಿಲ್ಲವಂತೆ. ನೀರು ಕುಡಿಸುವುದೂ ಮೇವು ಹಾಕುವುದೂ ಗಂಗಕ್ಕನೇ. ಗೌಡರು ಪಡಸಾಲೆಯಲ್ಲಿ ಟಿವಿ ಮುಂದೆ ಕೂತರೆ ಊಟಕ್ಕೆ ಕರೆದಾಗ ಮಾತ್ರ ಏಳುತ್ತಾರೆ. ಮೂರು ಮಾತು ಆಡಿದರೆ ಒಂದಕ್ಕೆ ಹ್ಞೂಂ ಎನ್ನುತ್ತಾರೆ. ಹಾಸಿಗೆ ಹಿಡಿದಾಗಲೂ ಹೀಗಿರಲಿಲ್ಲ, ಆಗ ಯಾವಾಗ ಏಳುತ್ತೇನೆ ಎಂದು ದಿನಾ ಜಗಳ ತೆಗೆಯುತ್ತಿದ್ದರು ಎಂದರು.

"ಬೀಳಬಾರದು ಅಂತ ಅಂದಿದ್ದೆ ತಂಗಿ, ಹಿಂಗ ಕೂಡಬೇಕು ಅಂತ ಅಂದಿದ್ದಿಲ್ಲ," ಎಂದರು. "ಇನ್ನೊಂದು ಸಲ ಏನರ ಬರಿ."

ಮತ್ತೆ ಏನು ಬರೆಯಲಿ? ಸುಬೇದಾರರೇ, ನನ್ನ ಹಿಂದಿನ ಟಿಪ್ಸ್ ರದ್ದು, ದಯವಿಟ್ಟು ಕುದುರೆ ಹತ್ತಿರಿ ಎಂದೇ? ಆಮೇಲೆ ಬಿದ್ದರೆ? ಎರಡು ದಿನ ಯೋಚಿಸಿ, ಪೆನ್ನು ಮುಟ್ಟದೆ, ನಮ್ಮ ಮನೆಯವರನ್ನು ಕರೆದುಕೊಂಡು ಮರೋಳದ ಹಾದಿ ಹಿಡಿದೆ.

ಗೌಡರು ಎದ್ದು ನಿಂತು ಬರಮಾಡಿಕೊಂಡರು. ಟಿವಿಯ ದನಿ ಸಣ್ಣ ಮಾಡಿದರು. ಗಡ್ಡ ಬೋಳಿಸಿರಲಿಲ್ಲ. ನಾನು ತಡೆಯದೆ ಕೇಳಿಬಿಟ್ಟೆ, ನನ್ನ ಬರಹದಿಂದ ಬೇಜಾರಾಯಿತೇ ಎಂದು. ಇಲ್ಲ, ನೀವು ಬರೆದದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ ಎಂದರು. ಆಮೇಲೆ ಟಿವಿಯ ಕಡೆ ಮುಖ ಮಾಡಿಕೊಂಡು ಹೇಳಿದರು.

"ಅವತ್ತು ಬಂದಾಗ ಎಲ್ಲಾ ಕೇಳಿದ್ರಿ. ಕುದುರಿ ವಯಸ್ಸು ಕೇಳಿದ್ರಿ, ನನ್ನ ವಯಸ್ಸು ಕೇಳಿದ್ರಿ, ಎಲುಬಿನ ಕತಿ ಕೇಳಿದ್ರಿ. ಕುದುರಿ ಹತ್ತೂದು ಬಿಟ್ಟ ಮ್ಯಾಲೆ ಮರುದಿನ ಏನ್ ಮಾಡ್ತೀರಿ ಅಂತ ಮಾತ್ರ ಕೇಳಲಿಲ್ಲ."

ನಮ್ಮ ಮನೆಯವರು ಕೆಮ್ಮಿದರು.

ಬಾಗಿಲಲ್ಲಿ ನಿಂತಿದ್ದ ಗಂಗಕ್ಕ ಒಳಗೆ ಹೋದರು. ನಮಗೆ ಚಹಾ ತರುತ್ತಾರೆ ಎಂದುಕೊಂಡೆ. ಬಂದಾಗ ಕೈಯಲ್ಲಿ ಗೌಡರ ಬೂಟುಗಳಿದ್ದವು. ಅವರ ಕಾಲ ಬಳಿ ಇಟ್ಟರು.

"ಏಳ್ರಿ. ಬರೇ ನಡಿಸೂದು, ಹಾರಸೂದಿಲ್ಲ. ಹಗ್ಗ ನಾ ಹಿಡೀತೇನಿ."

ಗೌಡರು ಬೂಟನ್ನೂ ಹೆಂಡತಿಯನ್ನೂ ನೋಡಿದರು. ಸಣ್ಣ ಮಕ್ಕಳನ್ನು ಕುದುರೆ ಮೇಲೆ ಕೂರಿಸಿ ಸುತ್ತಿಸುವ ಹಾಗೆಯೇ ಎಂದು ಕೇಳಿದರು. ಹೌದು, ಹಾಗೆಯೇ ಎಂದರು ಗಂಗಕ್ಕ. ಗೌಡರು ಬೂಟು ಹಾಕಿಕೊಂಡರು.

ಜೀನು ಬಿಗಿಯುವಾಗ ಬಹಾದ್ದೂರ ಗೌಡರ ಹೆಗಲಿಗೆ ಮೂತಿ ಒತ್ತಿ ನಿಂತಿತ್ತು. ಹತ್ತಲು ಅವರಿಗೆ ಕಷ್ಟವಾಯಿತು. ನಮ್ಮ ಮನೆಯವರು ಹೆಗಲು ಕೊಟ್ಟರು. ಗಂಗಕ್ಕ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ, ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಮುಂದೆ ನಡೆದರು. ಹೊಲದ ಒಂದು ಸುತ್ತು, ಮೆಲ್ಲಗೆ. ಗೌಡರು ನಾಚಿಕೆಯಿಂದ ಆಕಾಶ ನೋಡುತ್ತಿದ್ದರು. ಹೊಲದಲ್ಲಿ ಕೆಲಸ ಮಾಡುತ್ತಿದ್ದವರು ಎದ್ದು ನಿಂತು ನೋಡಿದರು, ಯಾರೂ ನಗಲಿಲ್ಲ.

ಎರಡನೇ ಸುತ್ತಿಗೆ ಕುದುರೆಯ ಹೆಜ್ಜೆ ಚುರುಕಾಯಿತು. ಗಂಗಕ್ಕನೂ ಅದರ ಜೊತೆ ಬಿರಬಿರನೆ ನಡೆದರು, ಆಮೇಲೆ ಓಡಿದರು. ಹೊಲದ ಅಂಚಿಗೆ ನೀರು ಹಾಯಿಸುವ ಸಣ್ಣ ಕಾಲುವೆ. ಅದರ ಹತ್ತಿರ ಬಂದಾಗ ಗಂಗಕ್ಕ ಏನೋ ಹೇಳಿದಂತಾಯಿತು, ದೂರವಿದ್ದ ನನಗೆ ಕೇಳಿಸಲಿಲ್ಲ. ಗೌಡರು ಮುಂದಕ್ಕೆ ಬಾಗಿದ್ದು ಕಂಡಿತು. ನಮ್ಮ ಮನೆಯವರು ನನ್ನ ರಟ್ಟೆ ಗಟ್ಟಿಯಾಗಿ ಹಿಡಿದರು. ಕುದುರೆ ಎದ್ದಿತು. ಮರುಗಳಿಗೆ ಗೌಡರು ಕಾಲುವೆಯ ಆಚೆ ಇದ್ದರು, ಜೀನಿನ ಮೇಲೆಯೇ, ನೆಟ್ಟಗೆ. ಗಂಗಕ್ಕ ಈಚೆ ಇದ್ದರು, ನೆಲಕ್ಕೆ ಕುಸಿದು ಕೂತು, ಎದೆಯ ಮೇಲೆ ಕೈ ಇಟ್ಟುಕೊಂಡು. ಹಗ್ಗ ಕುದುರೆಯ ಜೊತೆ ಆಚೆ ಹೋಗಿತ್ತು.

ನಾವು ಓಡಿದೆವು. ಗೌಡರು ಕುದುರೆ ತಿರುಗಿಸಿ, ದೂರದ ಕಾಲುದಾರಿಯಿಂದ ಸುತ್ತಿ ಬಂದು, ಹೆಂಡತಿಯ ಪಕ್ಕ ನಿಂತರು. ಗಂಗಕ್ಕ ಎದ್ದು ಸೀರೆಯ ಮಣ್ಣು ಝಾಡಿಸಿ, ಇನ್ನು ಚಹಾ ಮಾಡುತ್ತೇನೆ, ಬರ್ರಿ ಎಂದು ಮನೆಯ ಕಡೆ ನಡೆದರು.

ಹಾದಿಯಲ್ಲಿ ನಮ್ಮ ಮನೆಯವರೂ ನಾನೂ ವಾದ ಮಾಡುತ್ತ ಬಂದೆವು. ಕುದುರೆಯೇ ಎಳೆದುಕೊಂಡು ಹೋಯಿತು ಎಂದು ಅವರು. ಇಲ್ಲ, ಗೌಡರು ಹಿಮ್ಮಡಿ ಒತ್ತಿದ್ದನ್ನು ನಾನು ಕಂಡೆ ಎಂದು ನಾನು. ಬಾಗಲಕೋಟೆ ಬಂದರೂ ತೀರ್ಮಾನವಾಗಲಿಲ್ಲ. ಏಕೆಂದರೆ ನಿಜವಾಗಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾವಿಬ್ಬರೂ ಬಾಯಿ ಬಿಟ್ಟು ಕೇಳಿರಲಿಲ್ಲ.

ಮುಂಗೈಗೆ ಸುತ್ತಿಕೊಂಡ ಹಗ್ಗ ಅಷ್ಟು ಸುಲಭವಾಗಿ ಜಾರುತ್ತದೆಯೇ?